ಜನರಿಲ್ಲದ ಚಿತ್ರ

ಹುಡುಕಿದ್ದು ಸಿಗದಿದ್ದರೆ ತಪ್ಪು ಇಟ್ಟವನದಲ್ಲ, ಹುಡುಕುವವನದು ಎಂದು ವರ್ಷಗಟ್ಟಲೆ ಹೊಸಬರಿಗೆ ಪಾಠ ಹೇಳಿಕೊಂಡು ಬಂದವನಿಗೆ ಆ ಬೆಳಿಗ್ಗೆ, ಬಾಯಲ್ಲಿ ಬ್ರಷ್ ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ, ಆ ಮಾತನ್ನು ಬೇರೆ ಯಾರೋ ತನಗೇ ಹೇಳಿದಂತೆ ಕೇಳಿಸಿತು. ನಿನ್ನೆ ಸಂಜೆ ಫೋನಿನಲ್ಲಿ ಹೆಂಡತಿ ಎಲ್ಲವನ್ನೂ ಕೇಳಿದ್ದಳು: ಅಡುಗೆಮನೆಯ ಬಲ್ಬು ಹಾಕಿಸಿದಿರಾ, ನಲ್ಲಿ ಇನ್ನೂ ಸೋರುತ್ತಾ, ರಾತ್ರಿ ಏನಾದರೂ ಬೇಯಿಸಿಕೊಳ್ಳುತ್ತೀರೋ ಬ್ರೆಡ್ಡಿನಲ್ಲೇ ದಿನ ದೂಡುತ್ತೀರೋ. ಅವನು ಅವಳ ಅಕ್ಕನ ಮಂಡಿ ಹೇಗಿದೆ ಎಂದು ಕೇಳಿದ. "ಈಗೇನು, ಮೆಟ್ಟಿಲು ಹತ್ತಿ ಇಳೀತಾಳೆ," ಎಂದಳು. ಮಂಡಿ ಆಪರೇಷನ್ ಆಗಿದೆ, ನೋಡಿಕೊಳ್ಳಲು ಜನ ಇಲ್ಲ ಎಂದು ಹೋದ ಚಳಿಗಾಲದಲ್ಲಿ ಅಕ್ಕನ ಊರಿಗೆ ಹೊರಟವಳು ಅವಳು. ಮಂಡಿ ವಾಸಿಯಾಗಿ ಮತ್ತೊಂದು ಚಳಿಗಾಲ ಬಂದಿತ್ತು. ಅಕ್ಕ ಮೆಟ್ಟಿಲು ಹತ್ತುತ್ತಾಳೆ ಎಂದಾದ ಮೇಲೆ ಮುಂದಿನ ಮಾತು ಏನಿರಬೇಕೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದರ ಪಕ್ಕದಲ್ಲೇ ಹಾದು ಹೋದರು. "ಇಡ್ಲಾ?" ಎಂದು ಅವಳು ಫೋನ್ ಇಟ್ಟಳು. ಇಷ್ಟು ದಿನ ಇಡುವ ಮೊದಲು ತಪ್ಪದೆ ಒಂದು ಮಾತು ಕೇಳುತ್ತಿದ್ದಳು, ತಮಾಷೆಗೇ ಇರಲಿ, "ಸಿಕ್ಕಿತಾ?" ಎಂದು. ನಿನ್ನೆ ಕೇಳಲಿಲ್ಲ. ಮರೆತಿರಬಹುದು ಎಂದುಕೊಂಡು ಬಾಯಿ ತೊಳೆದ. ಅವಳು ಮರೆಯುವವಳಲ್ಲ ಎಂದು ಗೊತ್ತಿದ್ದರಿಂದ ಆ ಸಮಾಧಾನ ಟವೆಲಿನಲ್ಲಿ ಮುಖ ಒರೆಸುವಷ್ಟು ಹೊತ್ತೂ ನಿಲ್ಲಲಿಲ್ಲ.

ಹೊರಡುವ ದಿನ ಅವನು ಕಾರಿನ ಡಿಕ್ಕಿಗೆ ಸೂಟ್‌ಕೇಸು ತುರುಕುತ್ತಿದ್ದಾಗ ಅವಳೇ ನಗುತ್ತ ಹೇಳಿದ್ದಳು, "ಆ ಫೋಟೋ ಸಿಕ್ಕಿದ ದಿನ ಒಂದು ಫೋನ್ ಮಾಡಿ, ಬಂದ್ಬಿಡ್ತೀನಿ." ಅವನೂ ನಕ್ಕಿದ್ದ. ಅದಕ್ಕೂ ಐದಾರು ವರ್ಷ ಹಿಂದಿನ ಮಾತು ಆ ಫೋಟೋ. ಊಟಕ್ಕೆ ಕೂತಿದ್ದರು. ಅವನು ತಟ್ಟೆಯ ಪಕ್ಕದಲ್ಲಿ ಪತ್ರಿಕೆ ಮಡಚಿಟ್ಟುಕೊಂಡು ತಾನು ನೋಡಿಕೊಳ್ಳುವ ಚಿತ್ರಕೋಶದಿಂದ ಹೋದ ಚಿತ್ರಗಳು ಹೇಗೆ ಅಚ್ಚಾಗಿವೆ ಎಂದು ನೋಡುತ್ತಿದ್ದ. ಅವಳು ಅವನ ಎದುರು ಕೂತು, ಯಾವುದೋ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡವರ ಹಾಗೆ, ಊಟ ಮಾಡದೆ ಕೈ ಒಣಗಿಸಿಕೊಳ್ಳುತ್ತಿದ್ದಳು. "ನಾನೂ ನಿಮ್ಮ ಪೇಪರಿನವರ ಫೋಟೋದಲ್ಲಿ ಬಿದ್ದಿದೀನಿ ಗೊತ್ತಾ," ಎಂದಳು. ಅವನು ಹೂಂ ಎಂದ. "ನೋಡಿರ್ಬೇಕಲ್ಲ ನೀವು. ಎಲ್ಲಾ ಫೋಟೋನೂ ನಿಮ್ಮ ಕಣ್ಣು ದಾಟಿಕೊಂಡೇ ಹೋಗ್ತವೆ ಅಂತೀರಲ್ಲ." ದಿನಕ್ಕೆ ನೂರಾರು ಬರ್ತವೆ, ಎಲ್ಲಿ ತೆಗೆದದ್ದು ಹೇಳು ಎಂದ, ಪತ್ರಿಕೆಯ ಪುಟ ತಿರುಗಿಸುತ್ತ. ಅವಳು ಸ್ವಲ್ಪ ಹೊತ್ತು ಅವನ ಕೈಯನ್ನೇ ನೋಡಿ, "ಅದನ್ನ ನೀವೇ ಹುಡುಕಿ. ಊರಿಗೆಲ್ಲ ಹುಡುಕಿಕೊಡ್ತೀರಲ್ಲ," ಎಂದು ಊಟ ಶುರು ಮಾಡಿದಳು. ಮುಂದಿನ ವಾರ ಕೇಳಿದಾಗ ಅವನು ಸಿಗಲಿಲ್ಲ ಎಂದ. ಸರಿಯಾಗಿ ಹುಡುಕಿದ್ರಾ? ಸರಿಯಾಗೇ ಹುಡುಕಿದೆ. ಅವನು ಹುಡುಕಿರಲೇ ಇಲ್ಲ. ಒಂದು ಪದವನ್ನೂ ಟೈಪ್ ಮಾಡಿರಲಿಲ್ಲ. ಮನೆಯಲ್ಲಿ ದಿನಾ ಕಣ್ಣೆದುರಿಗಿದ್ದವಳನ್ನು ಕಚೇರಿಯಲ್ಲಿ ಯಾಕೆ ಹುಡುಕಬೇಕು ಎಂದು ಅವತ್ತು ಅನಿಸಿತ್ತೋ, ಏನೂ ಅನಿಸಿರಲೇ ಇಲ್ಲವೋ, ಈಗ ನೆನಪಾಗುತ್ತಿಲ್ಲ.

ಈಗ ಹುಡುಕುತ್ತಿದ್ದ. ಅವಳು ಹೋದ ಮೇಲೆ ಮೊದಲ ತಿಂಗಳು ಮನೆ ಹಾಯಾಗಿದೆ ಎನಿಸಿತ್ತು. ಎರಡನೆಯ ತಿಂಗಳು, ಹಜಾರದ ಎರಡು ಕುರ್ಚಿಗಳಲ್ಲಿ ತಾನು ಯಾವಾಗಲೂ ಒಂದರಲ್ಲೇ ಕೂರುತ್ತೇನೆ, ಇನ್ನೊಂದರ ಮೇಲೆ ಒಗೆದ ಬಟ್ಟೆಯನ್ನೂ ಹಾಕುವುದಿಲ್ಲ ಎಂಬುದು ಗಮನಕ್ಕೆ ಬಂತು. ಆಮೇಲೆ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಯಾರೂ ಇಲ್ಲದಾಗ, ಚಿತ್ರಕೋಶದ ಹುಡುಕುವ ಪೆಟ್ಟಿಗೆ ತೆರೆದು ಕೂತ. ಮಹಿಳೆ ಎಂದು ಹಾಕಿದರೆ ಸಮುದ್ರವೇ ಉಕ್ಕಿ ಬಂತು. ಮಹಿಳೆ ಮತ್ತು ಬೀದಿ. ಬೀದಿ ಎಂದು ಎಲ್ಲರೂ ಬರೆಯುವುದಿಲ್ಲವಲ್ಲ, ಬೀದಿ ಅಥವಾ ರಸ್ತೆ ಅಥವಾ ಓಣಿ ಅಥವಾ ಮಾರುಕಟ್ಟೆ. ಇಂಥ ವರ್ಷದಿಂದ ಇಂಥ ವರ್ಷದ ಒಳಗೆ. ಮೆರವಣಿಗೆ ಹೊರತು, ಚುನಾವಣೆ ಹೊರತು, ಅಪಘಾತ ಹೊರತು, ಯಾಕೆಂದರೆ ಅವಳು ಗಲಾಟೆ ಇರುವ ಕಡೆ ನಿಲ್ಲುವವಳಲ್ಲ. ಅವಳ ಉಡುಪಿನ ಬಣ್ಣ ಹಾಕೋಣವೆಂದರೆ ಅವಳು ಯಾವ ಬಣ್ಣವನ್ನು ಹೆಚ್ಚು ಉಡುತ್ತಿದ್ದಳು ಎಂಬುದೇ ಖಚಿತವಿರಲಿಲ್ಲ, ಹಸಿರೋ ನೀಲಿಯೋ. ಮನೆಗೆ ಹೋಗಿ ಬೀರು ತೆರೆದು ನೋಡಿದರೆ ಅವಳು ಬಿಟ್ಟು ಹೋದ ಬಟ್ಟೆಗಳೆಲ್ಲ ಬೂದು ಬಣ್ಣದವು. ಕಂಪನಿ ಹೊಸದಾಗಿ ತರಿಸಿದ ಮುಖ ಗುರುತಿಸುವ ಯಂತ್ರಕ್ಕೆ ಮಾದರಿಯಾಗಿ ಒಂದು ಒಳ್ಳೆಯ ಫೋಟೋ ಬೇಕಿತ್ತು. ಅವನ ಹತ್ತಿರ ಇದ್ದದ್ದು ಮದುವೆಯದು ಒಂದು, ಗುರುತಿನ ಚೀಟಿಯದು ಒಂದು, ಎರಡರಲ್ಲೂ ಅವಳು ಅವಳಂತಿರಲಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಪಕ್ಕಕ್ಕೆ ಸರಿದು ಇನ್ನೊಬ್ಬರ ಬೆನ್ನ ಹಿಂದೆ ಹೋಗಿಬಿಡುತ್ತಿದ್ದಳು. ಅಂಥವಳು ತಾನು ಫೋಟೋದಲ್ಲಿ ಬಿದ್ದಿದ್ದೇನೆ ಎಂದು ಖುಷಿಯಿಂದ ಹೇಳಿದ್ದು ಯಾಕೆ ಎಂದು ಅವತ್ತೇ ಕೇಳಬೇಕಿತ್ತು. ಹುಡುಕುತ್ತ ಹುಡುಕುತ್ತ ಅವನಿಗೆ ಬೇರೆಯವರ ಹೆಂಡಿರ ಬೆನ್ನು, ಜಡೆ, ಕೈಚೀಲ, ಛತ್ರಿ ಎಲ್ಲ ಪರಿಚಯವಾದವು. ತನ್ನವಳನ್ನು ಹುಡುಕಲು ಯಾವ ಪದ ಹಾಕಬೇಕೆಂಬುದು ಮಾತ್ರ ತಿಳಿಯಲಿಲ್ಲ. ಅವಳು ಬೇಕು, ಅಷ್ಟೇ ಗೊತ್ತಿತ್ತು. ಅದು ಪೆಟ್ಟಿಗೆಗೆ ಹಾಕುವ ಪದವಲ್ಲ.

ಕಚೇರಿಯ ಬಾಗಿಲಲ್ಲಿ ಕಾವಲುಗಾರ ಎದ್ದು ನಿಂತು, "ಇವತ್ತು ಪಾಠ ಅಂತೆ ಸಾರ್," ಎಂದ. ಆ ಕನ್ನಡಕದ ದಿನವೂ ಬಾಗಿಲಲ್ಲಿ ಇದ್ದವನು ಇವನೇ. ಇವನ ಮುಖ ಕಂಡಾಗಲೆಲ್ಲ ಜರಡಿಗೆ (ಹೆಂಡತಿಯ ಫೋಟೋ ಹುಡುಕುತ್ತಿದ್ದವನಿಗೆ ಕಚೇರಿಯಲ್ಲಿ ಅದೇ ಹೆಸರು, ಬೆನ್ನ ಹಿಂದೆ ಜರಡಿ, ಎದುರಿಗೆ ಸಾರ್) ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಂತೆ ಆಗುತ್ತಿತ್ತು. ಯಾವುದೋ ಕಾಲದ ಒಂದು ಬೆಳಿಗ್ಗೆ ಜರಡಿ ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದ. ಕನ್ನಡಕವಿಲ್ಲದಿದ್ದರೆ ಅವನಿಗೆ ಪರದೆಯ ಮೇಲಿನ ಚಿತ್ರಗಳೆಲ್ಲ ಕಲಸಿಟ್ಟ ಬಣ್ಣ. ಹೆಂಡತಿ ಎರಡು ಬಸ್ಸು ಬದಲಿಸಿ ತಂದಿದ್ದಳು. ಕಾವಲುಗಾರ ಕೆಳಗಿನಿಂದ ಫೋನ್ ಮಾಡಿ, "ಅಮ್ಮಾವ್ರು ಬಂದಿದಾರೆ ಸಾರ್, ಮೇಲೆ ಬರ್ಲಾ ಅಂತ ಕೇಳ್ತಿದಾರೆ," ಎಂದ. ಅವಳು ಅವನ ಕೆಲಸದ ಜಾಗ ನೋಡಿರಲೇ ಇಲ್ಲ. ಒಂದು ಸಲ ತೋರಿಸಿ ಎಂದು ಎಷ್ಟೋ ಬಾರಿ ಕೇಳಿದ್ದಳು. ಆದರೆ ಅವತ್ತು ಸಂಪಾದಕರು ಅವನ ಮೇಜಿನ ಪಕ್ಕದಲ್ಲೇ ನಿಂತಿದ್ದರು, ಮನೆಯಿಂದ ಕನ್ನಡಕ ತರಿಸಿಕೊಳ್ಳುವವನು ಎಂದು ಅವರ ಮುಂದೆ ಕಾಣಿಸಿಕೊಳ್ಳುವುದು ಬೇಡವಿತ್ತು. ಕೊಟ್ಟು ಹೋಗೋಕೆ ಹೇಳಿ ಎಂದ. ಹೇಳಿದ ಧ್ವನಿ ಎಷ್ಟು ಒರಟಾಗಿತ್ತೆಂದರೆ ಸಂಪಾದಕರೇ ಯಾರು ಎಂದು ಕೇಳಿದರು. ಯಾರೂ ಇಲ್ಲ ಸಾರ್, ಕೊರಿಯರ್ ಎಂದಿದ್ದ. ಕಾವಲುಗಾರನಿಗೆ ಅದು ಕೇಳಿಸಿರಲು ಸಾಧ್ಯವಿಲ್ಲ. ಆದರೂ ಅವನು ಎದ್ದು ನಿಂತಾಗಲೆಲ್ಲ, ಕೇಳಿಸಿರಬಹುದೇ ಎಂದು ಜರಡಿ ಒಮ್ಮೆ ಮುಖ ನೋಡಿ ಮೆಟ್ಟಿಲು ಹತ್ತುತ್ತಿದ್ದ.

ಮೂರನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ ಹೊಸಬರು ಆಗಲೇ ಕೂತಿದ್ದರು. ಗೋಡೆಗೆ ದೊಡ್ಡ ಪರದೆ ಇಳಿಬಿಟ್ಟಿದ್ದರು. ಅವನು ಕನ್ನಡಕ ಒರೆಸಿ ಹಾಕಿಕೊಂಡು, ಹತ್ತಾರು ಬಾರಿ ಹೇಳಿ ನುಣುಪಾದ ಮಾತುಗಳನ್ನೇ ಶುರು ಮಾಡಿದ. ಇಲ್ಲಿ ಲಕ್ಷಗಟ್ಟಲೆ ಚಿತ್ರ ಇದಾವೆ, ಬರೀ ಕೈಲಿ ಬಾಚಿದ್ರೆ ಕಲ್ಲೂ ಬರುತ್ತೆ ಕಾಳೂ ಬರುತ್ತೆ, ಜರಡಿ ಹಿಡೀಬೇಕು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಡ್ಡಹೆಸರು ಅವರಿಗೆ ಆಗಲೇ ತಲುಪಿತ್ತು. ಹೆಂಡತಿಗೆ ಈ ಹೆಸರು ಗೊತ್ತಾದ ದಿನ ಅವಳು ಬಿದ್ದು ಬಿದ್ದು ನಕ್ಕು, ಕಣ್ಣೀರು ಒರೆಸಿಕೊಳ್ಳುತ್ತ, "ಜರಡಿ ತುಂಬ ಇರೋದು ತೂತೇ ಅಲ್ವೇನ್ರೀ," ಎಂದಿದ್ದಳು. ಆ ನಗು ಕಿವಿಯಲ್ಲಿ ಹಾಗೇ ಇತ್ತು, ಆ ನಗುವಿಗಾಗಿ ಈ ಕೋಣೆ, ಈ ಪರದೆ, ಈ ಮಕ್ಕಳು ಎಲ್ಲವನ್ನೂ ಬಿಟ್ಟು ಎದ್ದು ಹೋಗಬೇಕೆನಿಸಿತು. ಎದ್ದು ಹೋಗಲಿಲ್ಲ. ಮೂರು ಪದ ನೆನಪಿಡಿ ಎಂದ. 'ಮತ್ತು' ಹಾಕಿದರೆ ಎರಡೂ ಇರುವುದು ಮಾತ್ರ ಬರುತ್ತದೆ, ರಾಶಿ ಕುಗ್ಗುತ್ತದೆ. 'ಅಥವಾ' ಹಾಕಿದರೆ ಎರಡರಲ್ಲಿ ಒಂದಿದ್ದರೂ ಬರುತ್ತದೆ, ರಾಶಿ ಹಿಗ್ಗುತ್ತದೆ. 'ಹೊರತು' ಹಾಕಿದರೆ ನಿಮಗೆ ಬೇಡದ್ದು ಬಿದ್ದುಹೋಗುತ್ತದೆ, ಅದನ್ನು ಮಾತ್ರ ಹುಷಾರಾಗಿ ಬಳಸಿ. ಯಾಕೆ ಸಾರ್ ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. ಅವಳು ಬೆಳಿಗ್ಗೆಯಿಂದ ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದಳು. "ಯಾಕಂದ್ರೆ ಬಿದ್ದುಹೋದದ್ದು ನಿಮಗೆ ಕಾಣೋದಿಲ್ಲ. ಸಿಕ್ಕಿದ್ದು ತಪ್ಪಾಗಿದ್ರೆ ಗೊತ್ತಾಗುತ್ತೆ. ಬಿದ್ದದ್ದು ತಪ್ಪಾಗಿದ್ರೆ ಜನ್ಮದಲ್ಲೂ ಗೊತ್ತಾಗೋಲ್ಲ." ಹುಡುಗಿ ಬರೆದುಕೊಂಡಳು.

ಇನ್ನೆರಡು ಮಾತು ಅವನು ಎಂದೂ ಬಿಡುತ್ತಿರಲಿಲ್ಲ. ಒಂದು, ಚಿತ್ರ ದಾಖಲಿಸುವಾಗ ಕಂಡದ್ದನ್ನು ಬರೆಯಿರಿ, ಕಾಣದ್ದನ್ನು ಬರೆಯಬೇಡಿ. ಬೆಂಚಿನ ಮೇಲೆ ಕೂತ ಮುದುಕ ಎಂದು ಬರೆಯಿರಿ. ಮಗನನ್ನು ನೆನೆಯುತ್ತಿರುವ ಮುದುಕ ಎಂದರೆ ಅದು ಕಥೆ, ದಾಖಲೆಯಲ್ಲ. ಇನ್ನೊಂದು, ಹುಡುಕುವಾಗ ನಿಮ್ಮ ಮಾತಿನಲ್ಲಿ ಹುಡುಕಬೇಡಿ, ದಾಖಲಿಸಿದವನ ಮಾತಿನಲ್ಲಿ ಹುಡುಕಿ. "ಅವನ ತಲೆಯೊಳಗೆ ಹೋಗಿ ಕೂತ್ಕೊಳ್ಳಿ. ಅವನಿಗೆ ಅವತ್ತು ಏನು ಅವಸರ ಇತ್ತು, ಯಾರು ಏನು ಕೇಳ್ತಿದ್ರು, ಅವನ ಕಣ್ಣು ಎಲ್ಲಿತ್ತು ಅಂತ ಯೋಚನೆ ಮಾಡಿ." ಉದಾಹರಣೆಗೆ ಈ ಚೌಕ ನೋಡಿ ಎಂದು ಪರದೆಯ ಮೂಲೆಗೆ ಬೆರಳು ತೋರಿಸಿದ. 'ಜನರಿಲ್ಲ' ಎಂದು ಅದರ ಹೆಸರು. ಚಿತ್ರದಲ್ಲಿ ಮನುಷ್ಯರಿಲ್ಲದಿದ್ದರೆ ಅದಕ್ಕೆ ಗುರುತು ಹಾಕುತ್ತೇವೆ. ಪುಟ ಕಟ್ಟುವವರಿಗೆ ಹಿನ್ನೆಲೆಗೆ ಇಂಥವೇ ಬೇಕು, ಮೇಲೆ ತಲೆಬರಹ ಕೂರಿಸಬೇಕಲ್ಲ, ಯಾರದಾದರೂ ಮುಖದ ಮೇಲೆ ಅಕ್ಷರ ಬಿದ್ದರೆ ಚೆನ್ನಾಗಿರುವುದಿಲ್ಲ. ಆ ಚೌಕವನ್ನು ಮಾಡಿಸಿದ್ದೇ ಅವನು. ಅದರ ಬಗ್ಗೆ ಹೇಳುವಾಗ ಸ್ವಲ್ಪ ಎದೆ ಉಬ್ಬುತ್ತಿತ್ತು. ವರ್ಷದಿಂದ ಮಧ್ಯಾಹ್ನ ಮಧ್ಯಾಹ್ನ ಹೆಂಡತಿಯನ್ನು ಹುಡುಕಿದಾಗಲೂ ಅವನ ಬೆರಳು ಯೋಚಿಸದೆ ಕೊನೆಗೆ ಸೇರಿಸುತ್ತಿದ್ದ ಪದಗಳು ಅವೇ: ಹೊರತು 'ಜನರಿಲ್ಲ'. ಮನುಷ್ಯರನ್ನು ಹುಡುಕುವವನು ಮನುಷ್ಯರಿಲ್ಲದ ಚಿತ್ರಗಳನ್ನು ಯಾಕೆ ನೋಡುತ್ತ ಕೂರಬೇಕು.

ಈಗ ನಿಜವಾಗಿ ಯಾರಿಗಾದರೂ ಬೇಕಾದ ಚಿತ್ರವನ್ನೇ ಹುಡುಕೋಣ ಎಂದ. ಮುಂದಿನ ಸಾಲಿನ ಹುಡುಗಿ ಕೈಯೆತ್ತಿದಳು. ಭಾನುವಾರದ ಪುರವಣಿಗೆ ಅವಳಿಗೆ ಮೊದಲ ಕೆಲಸ ಕೊಟ್ಟಿದ್ದರು, ಊರಿನಲ್ಲಿ ಈಗ ಇಲ್ಲದ ಕಟ್ಟಡಗಳ ಬಗ್ಗೆ. "ನಮ್ಮ ಆಫೀಸಿನ ಎದುರಿಗೇ ಹಳೇ ತಂತಿ ಕಚೇರಿ ಇತ್ತಂತಲ್ಲ ಸಾರ್, ಅದು ಬೇಕು. ಇಡೀ ಪುಟಕ್ಕೆ. ಪುಟದವರು ಖಾಲಿ ಖಾಲಿ ಇರ್ಬೇಕು ಅಂದ್ರು." ಈಗ ಅಲ್ಲಿ ಕಾರು ನಿಲ್ಲಿಸುವ ಆರು ಅಂತಸ್ತಿನ ಕಟ್ಟಡ. ಕೆಡವುವ ಹಿಂದಿನ ದಿನ ನಮ್ಮ ಛಾಯಾಗ್ರಾಹಕ ಈ ಮಹಡಿಯ ಪಡಸಾಲೆಯಿಂದಲೇ ತೆಗೆದ ಚಿತ್ರಗಳು ಇರಬೇಕು ಎಂದು ಅವನಿಗೆ ಮಸಕಾಗಿ ನೆನಪಿತ್ತು. ಬನ್ನಿ, ನೀವೇ ಕೂತು ಹುಡುಕಿ ಎಂದ. ಅವಳು ತಂತಿ ಕಚೇರಿ ಎಂದು ಹಾಕಿದಳು. ತಂತಿ ಬೇಲಿ, ವಿದ್ಯುತ್ ತಂತಿ, ತಂತಿ ಹರಿದು ಬಿದ್ದ ಬೀದಿ ಎಲ್ಲ ಬಂದವು. ಎರಡು ಪದವನ್ನೂ ಸೇರಿಸಿ ಉದ್ಧರಣ ಚಿಹ್ನೆಯೊಳಗೆ ಹಾಕಿ ಎಂದ. ರಾಶಿ ಕುಗ್ಗಿತು. 'ಮತ್ತು ಮುಂಭಾಗ'. ಇನ್ನೂ ಕುಗ್ಗಿತು. ಈಗ ಆ ಚೌಕಕ್ಕೆ ಗುರುತು ಹಾಕಿ ಎಂದ. ಹುಡುಗಿ 'ಜನರಿಲ್ಲ' ಎಂಬಲ್ಲಿ ಒತ್ತಿದಳು. ಪರದೆಯ ಮೇಲೆ ಒಂದೇ ಒಂದು ಚಿತ್ರ ಉಳಿಯಿತು. "ನೋಡಿ," ಎಂದು ಅವನು ಕೋಣೆಯ ಕಡೆ ತಿರುಗಿದ, "ಲಕ್ಷದಿಂದ ಒಂದಕ್ಕೆ ಬಂದ್ವಿ. ಇದಕ್ಕೇ ಜರಡಿ ಅನ್ನೋದು." ಕೆಲವರು ನಕ್ಕರು, ಈ ಸಲ ಪ್ರೀತಿಯಿಂದಲೇ. ಹುಡುಗಿ ಚಿತ್ರವನ್ನು ಪರದೆ ತುಂಬ ದೊಡ್ಡದು ಮಾಡಿದಳು.

ಚಿತ್ರ ಚೆನ್ನಾಗಿತ್ತು. ಮೇಲಿಂದ ತೆಗೆದದ್ದು. ಬೆಳಗಿನ ಓರೆ ಬಿಸಿಲು, ಸುಣ್ಣ ಉದುರಿದ ಕಮಾನುಗಳು, ಮುಚ್ಚಿದ ಬಾಗಿಲು, ಮುಂದೆ ಅಗಲವಾದ ಖಾಲಿ ಕಾಲುದಾರಿ. ತಲೆಬರಹಕ್ಕೆ ಆಕಾಶ ಬೇಕಾದಷ್ಟಿತ್ತು. "ಸಾರ್," ಎಂದಳು ಹುಡುಗಿ, "ಇದ್ರಲ್ಲಿ ಒಬ್ರು ಇದಾರಲ್ಲ."

ಎಲ್ಲಿ ಎಂದ. ಎಡಗಡೆ ಬೀದಿದೀಪದ ಕಂಬದ ಹತ್ತಿರ. ಅವನು ನೋಡದೆಯೇ ಉತ್ತರ ಕೊಟ್ಟ, ಈ ಪ್ರಶ್ನೆಯೂ ಹಳೆಯದೇ: ಕೆಲವು ಸಲ ಮೂಲೆಯಲ್ಲಿ ಅಷ್ಟು ಚಿಕ್ಕದಾಗಿ ಯಾರಾದರೂ ಇರುತ್ತಾರೆ, ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕಟ್ಟಡ ಮುಖ್ಯ. "ಇದ್ರೂ ಇಲ್ಲ ಅಂತ ಬರೆಯೋದಾ ಸಾರ್?" ಎಂದಳು ಅವಳು, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು. ಅಷ್ಟರಲ್ಲಿ ಅವಳ ಬೆರಳು ಆ ಮೂಲೆಯನ್ನು ಹಿಗ್ಗಿಸಿತ್ತು. ಕಂಬದ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಹಸಿರು ಶಾಲು. ಹೆಗಲಲ್ಲಿ ಬಟ್ಟೆಯ ಚೀಲ. ಬಿಸಿಲಿಗೆ ಹಣೆಯ ಮೇಲೆ ಅಂಗೈ ಅಡ್ಡ ಹಿಡಿದು ಮುಖ ಮೇಲೆತ್ತಿದ್ದಳು, ಎಷ್ಟು ಎತ್ತಿದ್ದಳೆಂದರೆ ಕತ್ತಿನ ಕೆಳಗಿನ ಚಿಕ್ಕ ಗುಳಿ ಕಾಣುತ್ತಿತ್ತು. ನಗುತ್ತಿರಲಿಲ್ಲ, ನಗುವುದಕ್ಕೆ ಸಿದ್ಧವಾಗಿದ್ದಳು, ಯಾರಾದರೂ ಬಂದರೆ ತಕ್ಷಣ ನಗಬೇಕೆಂದು ತಯಾರಾಗಿ ನಿಂತವರ ಮುಖ. ಹಸಿರು ಎಂದುಕೊಂಡ ಅವನು. ಹಸಿರೇ. ನೀಲಿಯಲ್ಲ. ಮೊದಲು ಬಂದದ್ದು ಅಷ್ಟೇ ಯೋಚನೆ, ಆಮೇಲೆ ಪರದೆಯ ಹತ್ತಿರಕ್ಕೆ ನಡೆದ.

ಕೊಟ್ಟು ಹೋಗೋಕೆ ಹೇಳಿ ಎಂದಿದ್ದನಲ್ಲ. ಅವಳು ಕೊಟ್ಟಳು, ಹೋಗಲಿಲ್ಲ. ರಸ್ತೆ ದಾಟಿ ಎದುರಿನ ಕಾಲುದಾರಿಯಲ್ಲಿ ನಿಂತು ಮೂರನೆಯ ಮಹಡಿಯ ಕಿಟಕಿಗಳಲ್ಲಿ ಯಾವುದು ಅವನದಿರಬಹುದೆಂದು ನೋಡುತ್ತಿದ್ದಳು. ಕನ್ನಡಕ ಕೈಗೆ ಬಂದ ಮೇಲೆ ಒಂದು ಸಲ ಕಿಟಕಿಗೆ ಬಂದು ಕೈಬೀಸಬಹುದು ಎಂದುಕೊಂಡಿರಬೇಕು. ಅವನು ಬರಲಿಲ್ಲ, ಪಡಸಾಲೆಗೆ ಛಾಯಾಗ್ರಾಹಕ ಬಂದ. ಕ್ಯಾಮೆರಾ ಕಂಡರೆ ಓಡುವವಳು ಅವತ್ತು ಸರಿದು ನಿಲ್ಲಲಿಲ್ಲ, ಈ ಚಿತ್ರ ನೇರ ಗಂಡನ ಮೇಜಿಗೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮೇಲೆ ಬರಲು ಬಿಡದಿದ್ದವನ ಮೇಜಿಗೆ ಅವಳು ಹೀಗಾದರೂ ಬಂದಿದ್ದಳು. ಅವನು ಅದೇ ಮಧ್ಯಾಹ್ನ, ಅವಳು ಎರಡು ಬಸ್ಸು ಬದಲಿಸಿ ತಂದುಕೊಟ್ಟ ಕನ್ನಡಕ ಮೂಗಿನ ಮೇಲಿಟ್ಟುಕೊಂಡು, ಈ ಚಿತ್ರವನ್ನು ತೆರೆದು, ನೋಡಿ, ಜನರಿಲ್ಲ ಎಂದು ಗುರುತು ಹಾಕಿದ್ದ.

"ದಾಖಲಿಸಿದವರು: ಒಂದು," ಎಂದು ಹಿಂದಿನ ಸಾಲಿನಿಂದ ಯಾರೋ ಪರದೆಯ ಕೆಳಗಿನ ಸಾಲನ್ನು ಜೋರಾಗಿ ಓದಿದರು. "ಒಂದು ಅಂದ್ರೆ ಯಾರು ಸಾರ್?" ಬೆಳಿಗ್ಗೆ ಪಾಠದ ಆರಂಭದಲ್ಲಿ, ಈ ವಿಭಾಗಕ್ಕೆ ಮೊದಲು ಬಂದವನು ತಾನು, ತನ್ನ ಸಂಖ್ಯೆ ಒಂದು ಎಂದು ಅವನೇ ಹೇಳಿಕೊಂಡಿದ್ದ. ಕೇಳಿದವನಿಗೆ ಪಕ್ಕದವನು ಮೊಣಕೈಯಿಂದ ತಿವಿದ. ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಪುಸ್ತಕ ನೋಡತೊಡಗಿದರು. "ಎಲ್ರಿಗೂ ಆಗುತ್ತೆ ಸಾರ್," ಎಂದಳು ಹುಡುಗಿ, ಮೆಲ್ಲಗೆ. ಅವಳ ದೊಡ್ಡತನ ಅವನಿಗೆ ಚೂರಿಯಷ್ಟೇ ಚುಚ್ಚಿತು. ಆಮೇಲೆ ವಾತಾವರಣ ತಿಳಿಯಾಗಲೆಂದೋ ಏನೋ, "ಪರವಾಗಿಲ್ಲ, ಪುಟದವ್ರಿಗೆ ಹೇಳಿದ್ರೆ ಅವ್ರನ್ನ ಅಳಿಸ್ಬಿಡ್ತಾರೆ. ಒಂದು ನಿಮಿಷದ ಕೆಲ್ಸ. ಹೇಳ್ಲಾ?" ಎಂದಳು.

"ಬೇಡಮ್ಮ," ಎಂದ. "ನಿಮ್ಮ ಪುಟಕ್ಕೆ ಬೇರೆ ಹುಡುಕಿಕೊಡ್ತೀನಿ. ಇದನ್ನ ಮುಟ್ಟೋದು ಬೇಡ." ಅವಳು ಎದ್ದು ಜಾಗ ಬಿಟ್ಟಳು. ಅವನು ಕೂತ. ಎಲ್ಲರೂ ದೊಡ್ಡ ಪರದೆಯ ಮೇಲೆ ನೋಡುತ್ತಿದ್ದಾರೆಂಬ ಅರಿವಿದ್ದೂ ಚೌಕದ ಗುರುತು ತೆಗೆದ. ತೆಗೆಯುವುದು ಎಷ್ಟು ಸುಲಭವಿತ್ತೆಂದರೆ ನಾಚಿಕೆಯಾಯಿತು; ಒಂದು ಸಲ ಒತ್ತಿದರೆ ಆಯಿತು, ಯಾರಿಗೂ ಏನೂ ತಿಳಿಯುವುದಿಲ್ಲ. ಹುಡುಕಿ ಹುಡುಕಿ ಬೇರೆ ಯಾವುದೋ ಮೂಲೆಯಲ್ಲಿ ಸಿಕ್ಕಿತು ಎಂದು ಅವಳಿಗೆ ಹೇಳಬಹುದು, ಅವಳು ನಗಬಹುದು, ಸೂಟ್‌ಕೇಸು ಹಿಡಿದು ಬರಬಹುದು. ಸಿಗಲಿಲ್ಲ ಎಂದು ಸುಳ್ಳು ಹೇಳಿದವನಿಗೆ ಸಿಕ್ಕಿದ್ದರ ಬಗ್ಗೆ ಇನ್ನೊಂದು ಸುಳ್ಳು ಭಾರವೇನಲ್ಲ. ವಿವರದ ಜಾಗದಲ್ಲಿ ಕರ್ಸರಿನ ಗೆರೆ ಮಿನುಗುತ್ತಿತ್ತು. 'ಮಹಿಳೆ, ಒಬ್ಬರು' ಎಂದು ಬರೆದ. 'ಹಸಿರು ಶಾಲು, ಬಟ್ಟೆಯ ಚೀಲ, ಹಣೆಗೆ ಕೈ'. ಕಂಡದ್ದು ಅಷ್ಟೇ. ಸ್ವಲ್ಪ ತಡೆದು ಇನ್ನೊಂದು ಪದ ಸೇರಿಸಿದ: 'ಕಾಯುತ್ತಿರುವ'.

"ಕಾಯ್ತಿದಾರೆ ಅಂತ ಹೇಗೆ ಗೊತ್ತು ಸಾರ್?" ಹುಡುಗಿಯೇ. "ಕಾಣದ್ದನ್ನ ಬರೀಬಾರ್ದು ಅಂದ್ರಲ್ಲ."

"ಹೌದು ಅಂದಿದ್ದೆ," ಎಂದ ಅವನು. "ಇದು ಕಾಣುತ್ತೆ." ಊಟ ಮಾಡಿ ಬನ್ನಿ ಎಂದು ಎಲ್ಲರನ್ನೂ ಕಳಿಸಿದ. ಅವರು ಮೆಟ್ಟಿಲಿಳಿಯುವ ಸದ್ದು ಅಡಗುವವರೆಗೆ ಕೂತಿದ್ದು, ಚಿತ್ರವನ್ನು ತನ್ನ ಫೋನಿಗೆ ಹಾಕಿಕೊಂಡು ಪಡಸಾಲೆಯ ಕಿಟಕಿಗೆ ಬಂದ. ಇಲ್ಲೇ ಎಲ್ಲೋ ನಿಂತು ಛಾಯಾಗ್ರಾಹಕ ಅದನ್ನು ತೆಗೆದದ್ದು. ಎದುರಿಗೆ ಆರು ಅಂತಸ್ತಿನಲ್ಲಿ ಕಾರುಗಳು ಬೆನ್ನು ತೋರಿಸಿ ನಿಂತಿದ್ದವು. ಕಂಬ ಮಾತ್ರ ಹಾಗೇ ಇತ್ತು. ಅದರ ಬುಡದಲ್ಲಿ ಯಾರೂ ಇರಲಿಲ್ಲ. ಅವಳು ಬೇಕೆನಿಸಿತು. ಇಷ್ಟು ದಿನ ಇದನ್ನು ಹಠವೆಂದೂ ಒಗಟೆಂದೂ ಕೆಲಸದ ಅಭಿಮಾನವೆಂದೂ ಕರೆದುಕೊಂಡಿದ್ದ. ಬರೀ ಹಂಬಲ ಅದು.

ಅಲ್ಲೇ ನಿಂತು ಫೋನ್ ಮಾಡಿದ. ಅವಳು ಬೇಗ ಎತ್ತಿಕೊಂಡಳು. ಹಗಲು ಹೊತ್ತಿನಲ್ಲಿ ಅವನು ಎಂದೂ ಫೋನ್ ಮಾಡಿದವನಲ್ಲ. "ಏನಾಯ್ತು? ಹುಷಾರಾಗಿದೀರಾ?"

"ಸಿಕ್ಕಿತು," ಎಂದ.

ಹಿಂದೆ ಅವಳ ಅಕ್ಕ ಯಾರು ಎಂದು ಕೇಳುವುದು ಕೇಳಿಸಿತು. ಅವಳು ಅಕ್ಕನಿಗೆ ಉತ್ತರ ಕೊಡಲಿಲ್ಲ. ಒಂದು ಬಾಗಿಲು ಮುಚ್ಚಿದ ಸದ್ದು. ಆಮೇಲೆ ಅವನು ಕೋಣೆಯಿಂದ ಕಿಟಕಿಯವರೆಗೆ ನಡೆದು ಬರುವಾಗ ಉದ್ದಕ್ಕೂ ಹೆದರಿದ್ದ ಪ್ರಶ್ನೆಯನ್ನೇ ಅವಳು ಕೇಳಿದಳು. "ಎಲ್ಲಿತ್ತು?"

"ಜನ ಇಲ್ಲದ ಚಿತ್ರಗಳ ಜೊತೆ ಇತ್ತು. ಯಾರೂ ಇಲ್ಲ ಅಂತ ಗುರುತು ಹಾಕಿತ್ತು. ಅದಕ್ಕೇ ಸಿಗ್ತಿರ್ಲಿಲ್ಲ."

"ಯಾರು ಹಾಕಿದ್ದು?"

ಆ ವಿಭಾಗದಲ್ಲಿ ಈಗ ಏಳು ಜನರಿದ್ದರು, ಯಾರ ಹೆಸರನ್ನಾದರೂ ಹೇಳಬಹುದಿತ್ತು. "ನಾನೇ," ಎಂದ.

ಕೆಳಗೆ ಒಂದು ಬಸ್ಸು ನಿಂತು, ಬಾಗಿಲು ತೆರೆದು, ಮುಚ್ಚಿ, ಹೋಯಿತು. "ಹಾಗಾದ್ರೆ ಅವತ್ತು ನೋಡಿದ್ರಿ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ, ನಿಮ್ಮ ಕೈಗೆ ಬಂದಿರೋಲ್ಲ, ಬೇರೆ ಯಾರೋ ನೋಡಿರ್ತಾರೆ ಅಂತ."

"ನೋಡಿದ್ದೆ. ಅವತ್ತೇ ನೋಡಿದ್ದೆ. ಆಮೇಲೆ ಹುಡುಕ್ದೆ ಸಿಗ್ಲಿಲ್ಲ ಅಂದ್ನಲ್ಲ, ಅದೂ ಸುಳ್ಳು. ಹುಡುಕೇ ಇರ್ಲಿಲ್ಲ."

"ಅದು ಗೊತ್ತಿತ್ತು ಬಿಡಿ," ಎಂದಳು. ಈಗ ಇಡ್ಲಾ ಎನ್ನುತ್ತಾಳೆ ಎಂದು ಅವನು ಕಾದ. ಅನ್ನಲಿಲ್ಲ. "ಈಗ ಎದುರಿಗಿದೆಯಾ ಅದು?" ಎಂದು ಕೇಳಿದಳು. ಫೋನನ್ನು ಸ್ಪೀಕರಿಗೆ ಹಾಕಿ ಚಿತ್ರ ತೆರೆದು, ಇದೆ ಎಂದ. "ಏನೇನು ಕಾಣುತ್ತೆ, ಹೇಳಿ."

ಹೇಳಿದ. ಕೆಲಸವೇ ಅದಾದರೂ ಇಷ್ಟು ಹೊತ್ತು ಯಾವ ಚಿತ್ರವನ್ನೂ ನೋಡಿದವನಲ್ಲ. ಶಾಲಿನ ಒಂದು ತುದಿ ಇನ್ನೊಂದಕ್ಕಿಂತ ಇಳಿದಿದೆ ಎಂದ. ಗಾಳಿ ಇತ್ತು ಎಂದಳು. ಚೀಲದ ಹಿಡಿಗೆ ಬೇರೆ ಬಣ್ಣದ ಬಟ್ಟೆ ಹೊಲಿದಿದೆ. ಅದು ನಿಮ್ಮ ಹಳೇ ಅಂಗಿ ಎಂದಳು. ಎಡಗಾಲಿನ ಚಪ್ಪಲಿಯಿಂದ ಹಿಮ್ಮಡಿ ಸ್ವಲ್ಪ ಹೊರಗೆ ಬಂದಿದೆ. ಕಚ್ಚಿತ್ತು, ನಡೆದು ನಡೆದು ಎಂದಳು. ಹಣೆಗೆ ಕೈ ಅಡ್ಡ ಹಿಡಿದಿದೀಯ, ಮುಖ ಮೇಲಿದೆ.

"ಎಲ್ಲಿ ನೋಡ್ತಿದೀನಿ?"

"ಕಿಟಕಿ ಕಡೆ."

"ಕಿಟಕೀಲಿ ಯಾರಿದಾರೆ?"

ಅದು ಚಿತ್ರದಲ್ಲಿ ಬರುವುದಿಲ್ಲ ಎನ್ನಬಹುದಿತ್ತು. ಚಿತ್ರ ತೆಗೆದದ್ದೇ ಈ ಕಡೆಯಿಂದ. "ಯಾರೂ ಇಲ್ಲ," ಎಂದ. "ಅವತ್ತು ಯಾರೂ ಇರ್ಲಿಲ್ಲ."

"ಈಗ?"

"ಈಗ ಅಲ್ಲೇ ನಿಂತಿದೀನಿ."

ಅವಳು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಎಲ್ಲೋ ದೂರದ ಅಡುಗೆಮನೆಯಲ್ಲಿ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು. "ಸರಿ. ಸ್ವಲ್ಪ ಹೊತ್ತು ಹಾಗೇ ನಿಂತಿರಿ," ಎಂದಳು. ಊಟ ಮುಗಿಸಿ ಬಂದ ಹುಡುಗಿ ಬಾಗಿಲಲ್ಲಿ ನಿಂತು, ಶುರು ಮಾಡೋಣ್ವಾ ಸಾರ್ ಎಂದು ಕೇಳಿ, ಉತ್ತರ ಬಾರದೆ ಒಳಗೆ ಹೋದಳು. ಅವನು ಫೋನು ಮತ್ತೆ ಕಿವಿಗೆ ಹಿಡಿದುಕೊಂಡು, ಕಂಬದ ಬುಡವನ್ನು ನೋಡುತ್ತ, ಕಿಟಕಿಯಲ್ಲಿ ನಿಂತಿದ್ದ.